ಈ ಹಲಸಿನಹಣ್ಣು ಎಷ್ಟು ಕೆಜಿ? ಗುಂಪಿನ ಬುದ್ಧಿ ನಿಜವಾ ಅಂತ ನೋಡೋಣ

ತೋಟದಮನೆ · ಶನಿವಾರ ಬೆಳಿಗ್ಗೆ 10:20

ನಿನ್ನೆ ಸಂಜೆ ಹಿತ್ತಲ ಮರದಿಂದ ಒಂದು ಹಲಸಿನಹಣ್ಣು ಇಳಿಸಿದೆವು. ಹಗ್ಗ ಕಟ್ಟಿ, ಕೆಳಗೆ ಇಬ್ಬರು ಗೋಣಿಚೀಲ ಹಿಡಿದು ನಿಂತು, ಅಂತೂ ಒಡೆಯದೆ ನೆಲಕ್ಕೆ ಬಂತು. ಫೋಟೋ ಹಾಕಿದ್ದೇನೆ. ಜಗಲಿಯ ಮೇಲಿದೆ, ಪಕ್ಕದಲ್ಲಿ ಕಾಣುತ್ತಿರುವುದು ಕತ್ತಿ. ಇನ್ನೂ ತೂಕ ನೋಡಿಲ್ಲ. ನಾಳೆ ಸಂಜೆ ನೋಡುತ್ತೇನೆ. ಅಷ್ಟರಲ್ಲಿ ನೀವೆಲ್ಲ ಎಷ್ಟು ಕೆಜಿ ಇರಬಹುದು ಅಂತ ಬರೆಯಿರಿ.

ಸುಮ್ನೆ ಆಟಕ್ಕಲ್ಲ. ಮೊನ್ನೆ ಓದಿದ್ದು ತಲೆಯಲ್ಲಿ ಕೂತುಬಿಟ್ಟಿದೆ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ದನಗಳ ಪ್ರದರ್ಶನ. ಕೊಬ್ಬಿದ ಒಂದು ಎತ್ತನ್ನು ನಿಲ್ಲಿಸಿ, ಇದನ್ನು ಕಡಿದು, ಚರ್ಮ ಸುಲಿದು, ಹಸನು ಮಾಡಿದ ಮೇಲೆ ಎಷ್ಟು ತೂಗುತ್ತದೆ ಹೇಳಿ ಅಂತ ಪಂದ್ಯ ಇಟ್ಟರು. ಚೀಟಿಗೆ ಆರು ಪೆನ್ಸ್. ಹತ್ತಿರ ಬಂದವರಿಗೆ ಬಹುಮಾನ. ಸುಮಾರು 800 ಜನ ಬರೆದರು. ಪಂದ್ಯ ಮುಗಿದ ಮೇಲೆ ಫ್ರಾನ್ಸಿಸ್ ಗಾಲ್ಟನ್ ಆ ಚೀಟಿಗಳನ್ನು ತರಿಸಿಕೊಂಡು ಲೆಕ್ಕ ಹಾಕಿದ. ಡಾರ್ವಿನ್‌ನ ಸಂಬಂಧಿ ಇವನು. ಜನಸಾಮಾನ್ಯರ ಬುದ್ಧಿಯ ಬಗ್ಗೆ ಅಷ್ಟೇನೂ ಗೌರವ ಇರದ ಮನುಷ್ಯ. ಊಹೆಗಳ ಸರಾಸರಿ 1207 ಪೌಂಡ್ ಬಂತು. ನಿಜವಾದ ತೂಕ 1198. 540 ಕೆಜಿ ದಾಟಿದ ಎತ್ತಿನಲ್ಲಿ ನಾಲ್ಕು ಕೆಜಿ ವ್ಯತ್ಯಾಸ!

ಎತ್ತಿಗೆ ಆಗಿದ್ದು ಹಲಸಿಗೆ ಆಗಬಾರದಾ? ಶುರು ಮಾಡಿ.

ಕಾಫಿಪುಡಿ · 10:34

15.

ಸೋಮಾರಿಸಿದ್ದ · 10:41

16 ಕೆಜಿ. ತೂಕ ಎಷ್ಟಾದರೂ ಇರಲಿ, ತೊಳೆ ಬಿಡಿಸುವಾಗ ಕರೆಯಿರಿ.

ಅಂಕಿಸಂಕಿ · 11:15

ನನ್ನದು 14.

ಆದರೆ ಗಾಲ್ಟನ್ ವಿಷಯದಲ್ಲಿ ಒಂದು ತಿದ್ದುಪಡಿ ತೋಟದಮನೆ ಸರ್. ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ಎಲ್ಲರೂ ತಪ್ಪು ಹೇಳುತ್ತಾರೆ. 1207 ಸರಾಸರಿ ಅಲ್ಲ, ಮಧ್ಯಾಂಕ. ಅಂದರೆ ಚೀಟಿಗಳನ್ನೆಲ್ಲ ಕಮ್ಮಿಯಿಂದ ಜಾಸ್ತಿಗೆ ಸಾಲಾಗಿ ಜೋಡಿಸಿದರೆ ಸರಿಯಾಗಿ ನಡುವೆ ಬರುವ ಚೀಟಿ. ಓದಲಾಗದ 13 ಚೀಟಿ ತೆಗೆದು 787 ಉಳಿದಿದ್ದವು. ಅದನ್ನು 1907ರ ಮಾರ್ಚ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದ. ಆಮೇಲೆ ಒಬ್ಬರು ಸರಾಸರಿ ಎಷ್ಟು ಬರುತ್ತದೆ ಅಂತ ಕೇಳಿದಾಗ ಅದನ್ನೂ ಹೇಳಿದ: 1197. ಒಂದೇ ಪೌಂಡು ಆಚೀಚೆ!

ಗಾಲ್ಟನ್‌ಗೆ ಸರಾಸರಿ ಇಷ್ಟ ಇರಲಿಲ್ಲ. ಸರಾಸರಿ ತೆಗೆದರೆ ತಲೆಕೆಟ್ಟವನ ಮಾತಿಗೆ, ಅವನ ತಲೆ ಎಷ್ಟು ಕೆಟ್ಟಿದೆಯೋ ಅಷ್ಟು ಬೆಲೆ ಸಿಗುತ್ತದೆ ಅನ್ನುವುದು ಅವನ ವಾದ. ಇಲ್ಲೇ ನೋಡಿ, ಸಿದ್ದ ತಮಾಷೆಗೆ 'ಐನೂರು ಕೆಜಿ' ಅಂತ ಬರೆದಿದ್ದರೆ ನಮ್ಮ ಸರಾಸರಿ ಹಾಳಾಗುತ್ತಿತ್ತು. ಮಧ್ಯಾಂಕ ಹೆಚ್ಚುಕಮ್ಮಿ ಅಲ್ಲೇ ಇರುತ್ತಿತ್ತು.

ಸರಾಸರಿ ಯಾಕೆ ಕೆಲಸ ಮಾಡುತ್ತದೆ ಅನ್ನುವುದರಲ್ಲಿ ಪವಾಡ ಏನೂ ಇಲ್ಲ. ಉತ್ತರ 100 ಅಂದುಕೊಳ್ಳಿ. ಮೂರು ಜನ 80, 110, 125 ಅಂದರು. ಒಬ್ಬನಿಗೆ 20 ತಪ್ಪು, ಇನ್ನೊಬ್ಬನಿಗೆ 10, ಮತ್ತೊಬ್ಬನಿಗೆ 25. ಸರಾಸರಿ 105, ತಪ್ಪು ಬರೀ 5. ಮೂವರಲ್ಲಿ ಒಬ್ಬನೂ ಅಷ್ಟು ಹತ್ತಿರ ಬಂದಿರಲಿಲ್ಲ. ಒಬ್ಬ ಕೆಳಗೆ ಎಳೆದ, ಇಬ್ಬರು ಮೇಲೆ ಎಳೆದರು, ತಪ್ಪು ತಪ್ಪನ್ನು ತಿಂದಿತು.

ಸ್ಕಾಟ್ ಪೇಜ್ ಅನ್ನುವವರು ಇದನ್ನು ಲೆಕ್ಕದಲ್ಲಿ ಚೆನ್ನಾಗಿ ಬಿಡಿಸಿ ತೋರಿಸಿದ್ದಾರೆ. ತಪ್ಪುಗಳ ವರ್ಗ ತೆಗೆದು (ಅಂದರೆ ಒಂದೊಂದನ್ನೂ ಅದರಿಂದಲೇ ಗುಣಿಸಿ) ಸರಾಸರಿ ಮಾಡಿ: 400, 100, 625, ಅಂದರೆ 375. ಈಗ ಒಬ್ಬೊಬ್ಬರೂ 105ರಿಂದ ಎಷ್ಟು ದೂರ ಇದ್ದಾರೆ ಅಂತ ಅದೇ ಥರ ಮಾಡಿ: 625, 25, 400, ಅಂದರೆ 350. ಇದೇ ಚೆದುರುವಿಕೆ. 375ರಲ್ಲಿ 350 ಕಳೆದರೆ 25. ಗುಂಪಿನ ತಪ್ಪು 5, ಅದರ ವರ್ಗ 25. ಯಾವ ಸಂಖ್ಯೆ ಹಾಕಿದರೂ ಇದು ತಪ್ಪುವುದಿಲ್ಲ. ಒಬ್ಬೊಬ್ಬರ ತಪ್ಪಿನಲ್ಲಿ ಚೆದುರುವಿಕೆಯನ್ನು ಕಳೆದರೆ ಉಳಿಯುವುದೇ ಗುಂಪಿನ ತಪ್ಪು. ಚೆದುರುವಿಕೆ ಕಮ್ಮಿಯಾದರೆ ಕಳೆಯಲಿಕ್ಕೆ ಏನೂ ಇರುವುದಿಲ್ಲ.

ಕಡಲತಡಿ · 11:52

15 ನನ್ನ ಲೆಕ್ಕ.

ಒಂದು ಅನುಮಾನ. ದನದ ಪ್ರದರ್ಶನಕ್ಕೆ ಬರುವವರು ಯಾರು? ರೈತರು, ಕಸಾಯಿಯವರು. ದಿನಾ ಮಾಂಸ ತೂಗುವ ಕೈಗಳು. ಮೇಲೆ ಆರು ಪೆನ್ಸ್ ಕೊಟ್ಟಿದ್ದಾರೆ, ಸುಮ್ಮನೆ ಯಾರೂ ಗೀಚಿರುವುದಿಲ್ಲ. ಅದನ್ನು 'ಸಾಮಾನ್ಯ ಜನರ ಬುದ್ಧಿ' ಅನ್ನುವುದು ಹೇಗೆ? ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ನೋಡಿ ತೂಕ ಹೇಳಿ ಅಂತ 800 ಹೆಂಗಸರನ್ನು ಕೇಳಿದ ಹಾಗಾಯಿತು. ಅವರು ಸರಿ ಹೇಳದೆ ಇನ್ನೇನು?

ಮೈಸೂರ್‌ಪಾಕು · 12:05

15, ಎಲ್ಲರೂ ಅದೇ ಹೇಳುತ್ತಿದ್ದಾರಲ್ಲ.

ಹುಬ್ಬಳ್ಳಿಮಂದಿ · 12:10

ನಮ್ಮ ಕಡೆ ಹಲಸು ಕಮ್ಮಿ. ಅಂದಾಜಿಗೆ 18 ಅಂತೇನೆ. ಮೇಲಿನವರಿಗಿಂತ ಭಾಳ ದೂರ ಹೋಗಲಿಕ್ಕೆ ಧೈರ್ಯ ಇಲ್ಲ.

ಮನೋಲಹರಿ · ಮಧ್ಯಾಹ್ನ 12:48

ನಿಲ್ಲಿಸಿ, ನಿಲ್ಲಿಸಿ! ದಯವಿಟ್ಟು ಇನ್ನು ಯಾರೂ ಇಲ್ಲಿ ಸಂಖ್ಯೆ ಬರೆಯಬೇಡಿ.

ಪಿಯು ಮಕ್ಕಳಿಗೆ ಮನಶ್ಶಾಸ್ತ್ರ ಪಾಠ ಮಾಡುವವಳು ನಾನು, ಇದನ್ನು ನೋಡಿ ಸುಮ್ಮನಿರಲು ಆಗುತ್ತಿಲ್ಲ. 15, 16, 14, 15, 15, 18. ಫೋಟೋದಲ್ಲಿರುವ ಹಣ್ಣನ್ನು ನೋಡಿ ಆರು ಜನ ಇಷ್ಟು ಹತ್ತಿರ ಹತ್ತಿರ ಹೇಳಲು ಸಾಧ್ಯವೇ? ನೀವು ಹಣ್ಣನ್ನು ನೋಡಲಿಲ್ಲ, ಕಾಫಿಪುಡಿಯವರ 15ನ್ನು ನೋಡಿದಿರಿ. ಮೈಸೂರ್‌ಪಾಕು ಅವರಂತೂ ಒಪ್ಪಿಕೊಂಡೇಬಿಟ್ಟರು. ಪ್ಲಿಮತ್‌ನಲ್ಲಿ ಒಬ್ಬೊಬ್ಬರೂ ಅವರವರ ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ಇಲ್ಲಿ ಗುಂಪಿನಲ್ಲಿ ಗೋವಿಂದ.

ಇದನ್ನು ಸ್ವಿಟ್ಜರ್ಲೆಂಡ್‌ನಲ್ಲಿ ಪರೀಕ್ಷಿಸಿಯೇ ನೋಡಿದ್ದಾರೆ. ಲೊರೆನ್ಸ್ ಮತ್ತು ಜೊತೆಗಾರರ ಅಧ್ಯಯನ, ಪ್ರಕಟವಾಗಿದ್ದು 2011ರಲ್ಲಿ. ಜ್ಯೂರಿಕ್‌ನ 144 ವಿದ್ಯಾರ್ಥಿಗಳಿಗೆ ಅವರದೇ ದೇಶದ ಬಗ್ಗೆ ಪ್ರಶ್ನೆ: ಇಟಲಿ ಜೊತೆಗಿನ ಗಡಿ ಎಷ್ಟು ಉದ್ದ, ಅಂಥವು. ಒಂದೊಂದು ಪ್ರಶ್ನೆಯನ್ನೂ ಐದು ಸಲ ಕೇಳಿದರು. ಉತ್ತರ ಬದಲಿಸಲು ಅವಕಾಶ ಇತ್ತು, ಹತ್ತಿರ ಬಂದರೆ ದುಡ್ಡೂ ಇತ್ತು. ಕೆಲವರಿಗೆ ಉಳಿದವರ ಉತ್ತರ ತೋರಿಸಿದರು, ಕೆಲವರಿಗೆ ಇಲ್ಲ. ತೋರಿಸಿದ ಕಡೆ ಊಹೆಗಳು ಒಂದರ ಮೇಲೊಂದು ಬಂದು ಗುಡ್ಡೆಬಿದ್ದವು. ಗುಂಪಿನ ಉತ್ತರ ಮಾತ್ರ ಸರಿ ಉತ್ತರದ ಹತ್ತಿರಕ್ಕೆ ಹೋಗಲಿಲ್ಲ. ನನಗೆ ತಮಾಷೆ ಅನಿಸಿದ್ದು ಇದು: ಅವರ ಆತ್ಮವಿಶ್ವಾಸ ಜಾಸ್ತಿಯಾಯಿತು! ಎಲ್ಲರೂ ಒಂದೇ ಹೇಳುತ್ತಿದ್ದಾರೆ, ಅಂದಮೇಲೆ ನಾವು ಸರಿ ಇರಲೇಬೇಕು, ಅಲ್ವಾ?

ಸೊಲೊಮನ್ ಆಶ್ ಅಮೆರಿಕದಲ್ಲಿ 1950ರ ಆಸುಪಾಸಿನಲ್ಲಿ ಮಾಡಿದ ಗೆರೆಗಳ ಪ್ರಯೋಗ ಕೆಲವರು ಕೇಳಿರುತ್ತೀರಿ. ಒಂದು ಗೆರೆ ತೋರಿಸಿ, ಈ ಮೂರರಲ್ಲಿ ಅದರಷ್ಟೇ ಉದ್ದ ಇರುವುದು ಯಾವುದು ಅಂತ ಕೇಳುವುದು. ಒಬ್ಬನೇ ಇದ್ದರೆ ಹೆಚ್ಚುಕಮ್ಮಿ ಯಾರೂ ತಪ್ಪುವುದಿಲ್ಲ, ಅಷ್ಟು ಸುಲಭ. ಆದರೆ ಕೋಣೆಯಲ್ಲಿ ಇರುವವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಮೊದಲೇ ಹೇಳಿಕೊಟ್ಟು ಕೂರಿಸಿದವರು. 18 ಸುತ್ತಿನಲ್ಲಿ 12 ಸಲ ಅವರೆಲ್ಲ ಬೇಕಂತಲೇ ಒಂದೇ ತಪ್ಪು ಉತ್ತರ ಹೇಳಿದರು. ಆ 12ರಲ್ಲಿ ಮೂರನೇ ಒಂದು ಭಾಗಕ್ಕೂ ಜಾಸ್ತಿ ಸಲ ಆ ಬಡಪಾಯಿ ಹತ್ತರ ಜೊತೆ ಹನ್ನೊಂದು ಅಂತ ತಪ್ಪನ್ನೇ ಹೇಳಿದ. ಕಣ್ಣೆದುರಿಗೆ ಗೆರೆ ಇದೆ!

ಪಾಠದಲ್ಲಿ ಮಕ್ಕಳಿಗೆ ನಾನು ಇಲ್ಲಿಗೆ ನಿಲ್ಲಿಸುವುದಿಲ್ಲ. ಸುಮಾರು ನಾಲ್ಕನೇ ಒಂದು ಭಾಗ ಜನ ಒಂದು ಸಲವೂ ಬಗ್ಗಲಿಲ್ಲ. ಗುಂಪಿನಲ್ಲಿ ಇನ್ನೊಬ್ಬ, ಒಬ್ಬನೇ ಒಬ್ಬ, ಸರಿ ಉತ್ತರ ಹೇಳಿದರೆ ಬಗ್ಗುವವರು ತುಂಬ ಕಮ್ಮಿಯಾದರು. ಉತ್ತರವನ್ನು ಬಾಯಲ್ಲಿ ಹೇಳುವ ಬದಲು ಕಾಗದದಲ್ಲಿ ಬರೆ ಅಂದಾಗಲೂ ಹಾಗೇ.

ಅದಕ್ಕೇ ಹೇಳುವುದು, ಇನ್ನು ಮುಂದೆ ಊಹೆ ಮಾಡುವವರು ತೋಟದಮನೆಯವರಿಗೆ ಖಾಸಗಿ ಸಂದೇಶ ಕಳಿಸಿ. ನಾನು ಈಗಲೇ ಕಳಿಸಿದೆ.

ಸೋಮಾರಿಸಿದ್ದ · 1:02

ತಪ್ಪೊಪ್ಪಿಗೆ: ನಾನು ಫೋಟೋ ತೆರೆದೇ ಇರಲಿಲ್ಲ. 15 ಅಂತ ಕಂಡಿತು, ಒಂದು ಸೇರಿಸಿದೆ.

ಅಂಕಿಸಂಕಿ · 1:10

ನಾನೂ ಒಪ್ಪಿಕೊಳ್ಳುತ್ತೇನೆ. ಮೊದಲು ಮನಸ್ಸಿಗೆ ಬಂದಿದ್ದು 20. 15, 16 ನೋಡಿ ನಾನೇ ಜಾಸ್ತಿ ಹೇಳುತ್ತಿದ್ದೇನೆ ಅನಿಸಿ ಇಳಿಸಿದೆ. ಅಷ್ಟೆಲ್ಲ ಲೆಕ್ಕ ಬರೆದು ನಾನೇ ಹೀಗೆ ಮಾಡಿದೆ, ನಾಚಿಕೆ.

ತೋಟದಮನೆ · 1:25

ಮೇಡಂ ಹೇಳಿದ ಹಾಗೇ ಆಗಲಿ. ಮೇಲಿನ ಆರು ಬೇರೆ ಇಡುತ್ತೇನೆ. ಹೊಸಬರು ಖಾಸಗಿಯಾಗಿ ಕಳಿಸಿ, ನಾಳೆ ಸಂಜೆ 5ರವರೆಗೆ. ಎರಡು ಗುಂಪನ್ನೂ ಹೋಲಿಸೋಣ.

ಕಾಫಿಪುಡಿ · 1:40

ಎಲ್ಲ ತಪ್ಪೂ ನನ್ನ ಮೇಲೆ ಬಂತು. 😄

ಟಿವಿಯ ಕೋಟ್ಯಧಿಪತಿ ಥರದ ಆಟಗಳಲ್ಲಿ ಪ್ರೇಕ್ಷಕರನ್ನು ಕೇಳುವ ಸೌಲಭ್ಯ ಇರುತ್ತದಲ್ಲ, ಅದು ಕೂಡ ಇದೇ ಕಾರಣಕ್ಕೆ ಕೆಲಸ ಮಾಡುತ್ತದೆ ಅನಿಸುತ್ತೆ. ಒಬ್ಬೊಬ್ಬರೂ ಅವರವರ ಕೈಯಲ್ಲಿರುವ ಬಟನ್ ಒತ್ತುತ್ತಾರೆ. ಪಕ್ಕದವನು ಏನು ಒತ್ತಿದ ಅಂತ ಗೊತ್ತಿರುವುದಿಲ್ಲ. ಅಮೆರಿಕದ ಆಟದಲ್ಲಿ ಪ್ರೇಕ್ಷಕರು 91% ಸಲ ಸರಿ, ಫೋನ್ ಮಾಡಿದ ಗೆಳೆಯ 65% ಅಂತ ಎಲ್ಲ ಕಡೆ ಬರೆಯುತ್ತಾರೆ. ಆದರೆ ಪ್ರೇಕ್ಷಕರನ್ನು ಸುಲಭದ ಪ್ರಶ್ನೆಗೇ ಖರ್ಚು ಮಾಡಿ, ಕಷ್ಟದ್ದಕ್ಕೆ ಗೆಳೆಯನನ್ನು ಇಟ್ಟುಕೊಳ್ಳುತ್ತಾರೆ ಅನ್ನುವುದನ್ನೂ ನೋಡಬೇಕಲ್ವಾ. ಪಾಪ ಗೆಳೆಯ.

ಅಡಿಕೆಹಾಳೆ · 3:15

ಸಾಗರದ ಕಡೆಯವನು ನಾನು. ಅಪ್ಪ ಹತ್ತು ವರ್ಷ ಚೇಣಿ ಮಾಡಿದವರು. ಗೊತ್ತಿಲ್ಲದವರಿಗೆ: ತೋಟದಲ್ಲಿ ಅಡಿಕೆ ಇನ್ನೂ ಮರದ ಮೇಲಿರುವಾಗಲೇ ಇಡೀ ಫಸಲನ್ನು ಗುತ್ತಿಗೆ ಹಿಡಿಯುವುದು ಚೇಣಿ. ಕೊಯ್ಲು, ಸುಲಿಯುವುದು, ಬೇಯಿಸುವುದು ಎಲ್ಲ ಚೇಣಿದಾರನದೇ.

ಒಂದು ವರ್ಷ ಐದು ಜನ ಚೇಣಿದಾರರು ಒಂದೇ ತೋಟ ನೋಡಿದರು. ಅಪ್ಪನ ಜೊತೆ ನಾನೂ ಹೋಗಿದ್ದೆ. ತಲೆ ಮೇಲೆತ್ತಿ ಮರದಿಂದ ಮರಕ್ಕೆ ನಡೆಯುವುದು, ಗೊನೆ ಎಣಿಸುವುದು, ಕೊಳೆರೋಗ ಬಂದಿದೆಯಾ ನೋಡುವುದು, ಬಾಯಿ ಬಿಡದಿರುವುದು. ಒಬ್ಬರಿಗೊಬ್ಬರು ಎಲೆ ಅಡಿಕೆ ಕೊಡುತ್ತಾರೆ, ಅಂದಾಜು ಮಾತ್ರ ಕೊಡುವುದಿಲ್ಲ. ಯಜಮಾನರು ಒಬ್ಬೊಬ್ಬರನ್ನೇ ಕರೆದು ಕೇಳಿದರು. ಅಪ್ಪ ಹೇಳಿದ ಮೊತ್ತ ಎಲ್ಲರಿಗಿಂತ ಜಾಸ್ತಿ. ತೋಟ ಸಿಕ್ಕಿತು, ಅಪ್ಪ ಖುಷಿಯಿಂದಲೇ ಮನೆಗೆ ಬಂದರು. ಆ ವರ್ಷ ದೀಪಾವಳಿಗೆ ನಮಗೆ ಹೊಸ ಬಟ್ಟೆ ಬರಲಿಲ್ಲ.

ಈಗ ನನ್ನ ಪ್ರಶ್ನೆ. ಐವರೂ ಅನುಭವಸ್ಥರು, ಐವರೂ ಬೇರೆ ಬೇರೆಯಾಗಿ ಯೋಚಿಸಿದರು. ನಿಮ್ಮ ಲೆಕ್ಕದ ಪ್ರಕಾರ ಗುಂಪಿನ ಅಂದಾಜು ಸರಿ ಇರಬೇಕಿತ್ತು. ನಷ್ಟ ಯಾಕೆ ಆಯಿತು?

ಅಂಕಿಸಂಕಿ · 3:50

ಅಡಿಕೆಹಾಳೆ, ಗುಂಪಿನ ಅಂದಾಜು ಸರಿಯೇ ಇದ್ದಿರಬಹುದು. ಆದರೆ ತೋಟ ಗುಂಪಿಗೆ ಸಿಗಲಿಲ್ಲವಲ್ಲ! ಐವರಲ್ಲಿ ಯಾರ ಅಂದಾಜು ಎಲ್ಲರಿಗಿಂತ ಮೇಲಿತ್ತೋ ಅವರಿಗೆ ಸಿಕ್ಕಿತು. ಸರಾಸರಿ ನಿಜದ ಹತ್ತಿರ ಇದ್ದರೆ, ಎಲ್ಲರಿಗಿಂತ ಜಾಸ್ತಿ ಹೇಳಿದವರು ನಿಜಕ್ಕಿಂತ ಮೇಲೆ ಹೇಳಿರಲೇಬೇಕು. ಇದಕ್ಕೆ 'ಗೆದ್ದವನ ಶಾಪ' ಅಂತಾರೆ. 1971ರಲ್ಲಿ ಅಮೆರಿಕದ ತೈಲ ಕಂಪನಿಯೊಂದರ ಮೂವರು ಎಂಜಿನಿಯರುಗಳು ಇದನ್ನು ಬರೆದರು. ಸಮುದ್ರದಡಿಯ ತೈಲದ ಜಾಗಗಳನ್ನು ಹರಾಜಿನಲ್ಲಿ ಗೆದ್ದ ಕಂಪನಿಗಳಿಗೆ ಅಂದುಕೊಂಡಷ್ಟು ಲಾಭ ಯಾಕೆ ಬರುತ್ತಿಲ್ಲ ಅಂತ ನೋಡಲು ಹೋಗಿ ಸಿಕ್ಕಿದ್ದು.

1983ರ ಒಂದು ಪ್ರಯೋಗ ಇನ್ನೂ ಚೆನ್ನಾಗಿದೆ. ಬೇಜರ್‌ಮನ್ ಮತ್ತು ಸ್ಯಾಮ್ಯುಯೆಲ್ಸನ್ ಎಂಬಿಎ ವಿದ್ಯಾರ್ಥಿಗಳ ಮುಂದೆ ನಾಣ್ಯ ಇತ್ಯಾದಿ ತುಂಬಿದ ಜಾಡಿಗಳನ್ನಿಟ್ಟು ಹರಾಜು ಹಾಕಿದರು. ಒಂದೊಂದರ ಬೆಲೆಯೂ 8 ಡಾಲರ್. ವಿದ್ಯಾರ್ಥಿಗಳ ಅಂದಾಜಿನ ಸರಾಸರಿ 5.13 ಡಾಲರ್, ಅಂದರೆ ಕಮ್ಮಿಯೇ ಅಂದುಕೊಂಡಿದ್ದರು. ಆದರೂ ಗೆದ್ದ ಕೂಗಿನ ಸರಾಸರಿ 10.01 ಡಾಲರ್. ಸರಾಸರಿಯಲ್ಲಿ ಕಮ್ಮಿ ಅಂದುಕೊಂಡ ಜಾಡಿಗೆ ಗೆದ್ದವನು ಎರಡು ಡಾಲರ್ ಜಾಸ್ತಿ ಕೊಟ್ಟು ಹೋದ.

ನಿಮ್ಮ ತಂದೆಯವರಿಗೆ ಅಡಿಕೆ ನೋಡಲು ಬರುವುದಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ.

ಅಡಿಕೆಹಾಳೆ · 4:05

ಇದನ್ನು ಇವತ್ತು ರಾತ್ರಿ ಅಪ್ಪನಿಗೆ ಓದಿ ಹೇಳುತ್ತೇನೆ. ಮಂಡಿಯಲ್ಲಿ ಟೆಂಡರ್ ದಿನ ವ್ಯಾಪಾರಿಗಳು ರಾಶಿ ರಾಶಿ ನೋಡಿ, ಅಡಿಕೆ ಕಡಿದು ನೋಡಿ, ಚೀಟಿಯಲ್ಲಿ ಗುಟ್ಟಾಗಿ ದರ ಬರೆದು ಹಾಕುತ್ತಿದ್ದರು. ಈಗ ಅದೂ ಕಂಪ್ಯೂಟರಿಗೆ ಬಂದಿದೆ. ಕೂಗಿ ಹರಾಜು ಹಾಕುವ ಕಡೆ ಒಬ್ಬರ ಮುಖ ಒಬ್ಬರು ನೋಡಿ ದರ ಹೇಳುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅಂತ ಈಗ ಹೊಳೆಯುತ್ತಿದೆ.

ವೈಟ್‌ಫೀಲ್ಡ್‌ವಾಸಿ · 5:30

ನಮ್ಮ ಸಾಫ್ಟ್‌ವೇರ್ ಜಗತ್ತಿನಲ್ಲೂ ಚೀಟಿ ಪದ್ಧತಿ ಇದೆ. ಪ್ಲಾನಿಂಗ್ ಪೋಕರ್ ಅಂತ. ಒಂದು ಕೆಲಸಕ್ಕೆ ಎಷ್ಟು ಶ್ರಮ ಬೇಕು ಅಂತ ಎಲ್ಲರೂ ಕಾರ್ಡ್ ಆರಿಸಿ ಬೋರಲು ಇಡಬೇಕು: 1, 2, 3, 5, 8, 13. ಆಮೇಲೆ ಒಟ್ಟಿಗೆ ತಿರುಗಿಸಬೇಕು. ಎಲ್ಲರಿಗಿಂತ ಕಮ್ಮಿ, ಎಲ್ಲರಿಗಿಂತ ಜಾಸ್ತಿ ಹಾಕಿದ ಇಬ್ಬರು ಯಾಕೆ ಅಂತ ಹೇಳಬೇಕು, ಮತ್ತೆ ಒಂದು ಸುತ್ತು. ಇದರ ಮೂಲ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ 1950ರ ದಶಕದಲ್ಲಿ ಹುಟ್ಟಿದ ಡೆಲ್ಫಿ ವಿಧಾನ. ಅಲ್ಲಿ ತಜ್ಞರನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಿರಲಿಲ್ಲ. ಪ್ರಶ್ನೆಪತ್ರಿಕೆ ಕಳಿಸಿ, ಹೆಸರಿಲ್ಲದ ಉತ್ತರಗಳನ್ನು ಒಟ್ಟುಮಾಡಿ ತೋರಿಸಿ, ಮತ್ತೆ ಕೇಳುತ್ತಿದ್ದರು.

ಪದ್ಧತಿ ಚೆನ್ನಾಗಿದೆ. ನಾನು ಹಿಂದೆ ಇದ್ದ ಒಂದು ಕಡೆ ಏನಾಗುತ್ತಿತ್ತು ಗೊತ್ತಾ? ಕಾರ್ಡ್ ಇಡುವ ಮೊದಲೇ ಮ್ಯಾನೇಜರ್ ಹೇಳುತ್ತಿದ್ದರು, 'ಎರಡು ವಾರದ ಕೆಲಸ ಅಷ್ಟೇ ಅಲ್ವಾ? ಸರಿ, ಕಾರ್ಡ್ ಹಾಕಿ.' ಒಂದು ಸಲ ನನ್ನ ಕೈಯಲ್ಲಿ 13 ಇತ್ತು. ಆ ಮಾತು ಕೇಳಿ ಅದನ್ನು ವಾಪಸ್ ಇಟ್ಟು 5 ತೆಗೆದೆ. ತಿರುಗಿಸಿದರೆ ಏಳು ಜನರದ್ದೂ 5. ಎಲ್ಲರೂ ಚಪ್ಪಾಳೆ, ಒಮ್ಮತ ಬಂತು ಅಂತ. ಕೆಲಸ ಮುಗಿಯಲು ಏಳು ವಾರ ಹಿಡಿಯಿತು. ಆಮೇಲೆ ಚಹಾ ಕುಡಿಯುವಾಗ ಒಬ್ಬಳು ಹೇಳಿದಳು, 'ನಾನೂ ಮೊದಲು 13 ಹಿಡಿದಿದ್ದೆ.'

ಕಡಲತಡಿ · ರಾತ್ರಿ 8:20

ಇದೆಲ್ಲ ಓದಿದರೆ ಯಾರೂ ಯಾರ ಜೊತೆಯೂ ಮಾತಾಡಲೇಬಾರದು ಅನ್ನುವ ಹಾಗಿದೆ. ಹಾಗಾದರೆ ಊರ ಪಂಚಾಯ್ತಿಕಟ್ಟೆ ಯಾಕೆ? ಸಭೆ ಯಾಕೆ? ನಾಲ್ಕು ಜನ ಕೂತು ಮಾತಾಡಿದರೆ ಒಬ್ಬನಿಗೆ ಗೊತ್ತಿಲ್ಲದ್ದು ಇನ್ನೊಬ್ಬನಿಗೆ ಗೊತ್ತಿರುತ್ತದೆ. ಬಾಯಿಮುಚ್ಚಿಕೊಂಡು ಚೀಟಿ ಹಾಕುವುದೇ ಬುದ್ಧಿವಂತಿಕೆ ಅಂದರೆ ನಾನು ಒಪ್ಪುವುದಿಲ್ಲ.

ಮನೋಲಹರಿ · 9:05

ಒಪ್ಪಬೇಡಿ, ನಾನೂ ಪೂರ್ತಿ ಒಪ್ಪುವುದಿಲ್ಲ. ಮಧ್ಯಾಹ್ನ ಸ್ವಲ್ಪ ಜೋರಾಗಿಯೇ ಹೇಳಿಬಿಟ್ಟೆ.

ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಒಂದು ದೊಡ್ಡ ಸಭಾಂಗಣ, 5180 ಜನ. ನವಾಹಾಸ್ ಮತ್ತು ಜೊತೆಗಾರರು ಐಫೆಲ್ ಗೋಪುರ ಎಷ್ಟು ಎತ್ತರ ಅನ್ನುವಂಥ ಪ್ರಶ್ನೆ ಕೇಳಿದರು. ಮೊದಲು ಒಬ್ಬೊಬ್ಬರೂ ಬರೆದರು. ಆಮೇಲೆ ಐದೈದು ಜನ ಗುಂಪಾಗಿ ಮಾತಾಡಿ ಒಂದು ಉತ್ತರಕ್ಕೆ ಬರಬೇಕಿತ್ತು. ಫಲಿತಾಂಶ ಪ್ರಕಟವಾಗಿದ್ದು 2018ರಲ್ಲಿ: ಇಂಥ ನಾಲ್ಕೇ ನಾಲ್ಕು ಗುಂಪುಗಳ ಉತ್ತರ ತೆಗೆದುಕೊಂಡು ಸರಾಸರಿ ಮಾಡಿದರೆ, ಸಾವಿರಾರು ಜನರ ಒಂಟಿ ಊಹೆಗಳ ಸರಾಸರಿಗಿಂತ ಚೆನ್ನಾಗಿತ್ತು. ಇಪ್ಪತ್ತು ಜನ!

ಹಾಗಾದರೆ ಜ್ಯೂರಿಕ್‌ನಲ್ಲಿ ಯಾಕೆ ಆಗಲಿಲ್ಲ? ನನಗೆ ಅನಿಸುವುದು ಹೇಳುತ್ತೇನೆ. ಜ್ಯೂರಿಕ್‌ನಲ್ಲಿ ಜನ ನೋಡಿದ್ದು ಬರೀ ಸಂಖ್ಯೆ. ಸಂಖ್ಯೆ ಕಾರಣ ಹೇಳುವುದಿಲ್ಲ. ಬ್ಯೂನಸ್ ಐರಿಸ್‌ನಲ್ಲಿ 'ಮಹಡಿಗೆ ಮೂರು ಮೀಟರ್ ಹಿಡಿದರೆ, ನೂರು ಮಹಡಿ ಅಂದರೆ...' ಅಂತ ಯಾರೋ ಬಿಡಿಸಿ ಹೇಳಬಹುದಿತ್ತು, ಇನ್ನೊಬ್ಬರು ಇಲ್ಲ ಅನ್ನಬಹುದಿತ್ತು. ಇನ್ನೊಂದು, ಗುಂಪುಗಳು ಪುಟ್ಟವು. ಒಂದು ಗುಂಪು ದಾರಿ ತಪ್ಪಿದರೂ ಪಕ್ಕದ ಗುಂಪಿಗೆ ಅಂಟುವುದಿಲ್ಲ. ಕಡಲತಡಿಯವರೇ, ಊರಿಗೊಂದು ಕಟ್ಟೆ ಇದ್ದರೆ ಸರಿ. ಇಡೀ ಜಿಲ್ಲೆಗೆ ಒಂದೇ ಕಟ್ಟೆಯಾಗಿ, ಅದರ ಮೇಲೆ ಒಬ್ಬನಿಗೇ ಮೈಕು ಕೊಟ್ಟರೆ ಕಷ್ಟ.

ಕಟ್ಟೆಯಲ್ಲೂ ಒಂದು ರೋಗ ಇದೆ ಅನ್ನುವುದು ಬೇರೆ ಮಾತು. 1985ರಲ್ಲಿ ಸ್ಟಾಸರ್ ಮತ್ತು ಟೈಟಸ್ ತೋರಿಸಿದರು: ಗುಂಪಿನಲ್ಲಿ ಜನ ಮಾತಾಡುವುದು ಎಲ್ಲರಿಗೂ ಮೊದಲೇ ಗೊತ್ತಿರುವ ವಿಷಯವನ್ನೇ. ಒಬ್ಬರಿಗೆ ಮಾತ್ರ ಗೊತ್ತಿರುವ ಮುಖ್ಯ ಸಂಗತಿ ಹೊರಗೆ ಬರುವುದೇ ಇಲ್ಲ. ಗಂಡು-ಹೆಣ್ಣು ನೋಡುವ ಮಾತುಕತೆಗಳಲ್ಲಿ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಹುಡುಗನ ಸಂಬಳದ ಬಗ್ಗೆ ಹತ್ತು ಜನ ಮಾತಾಡುತ್ತಾರೆ. ಅವನ ಪಕ್ಕದ ಮನೆಯಲ್ಲಿ ಎರಡು ವರ್ಷ ಇದ್ದ ಚಿಕ್ಕಮ್ಮ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಾರೆ.

ಹುಬ್ಬಳ್ಳಿಮಂದಿ · ಭಾನುವಾರ ಬೆಳಿಗ್ಗೆ 8:15

ಮೇಡಂ, ಚಿಕ್ಕಮ್ಮನ ಉದಾಹರಣೆ ಭಾಳ ಸರಿ.

ತೂಕದ ಮಾತು ಬಿಡಿ, ಹೌದು-ಅಲ್ಲ ಅನ್ನುವ ಪ್ರಶ್ನೆ ಇದ್ದರೆ? ಅಲ್ಲಿ ಸರಾಸರಿ ಎಲ್ಲಿಂದ ಬರಬೇಕು? ಬಹುಮತವೇ ಗತಿ ಅಲ್ಲೇನು?

ಅಂಕಿಸಂಕಿ · 9:40

ಅದನ್ನು ಗಾಲ್ಟನ್‌ಗಿಂತ ಎಷ್ಟೋ ಮೊದಲು, 1785ರಲ್ಲೇ, ಫ್ರಾನ್ಸಿನ ಕಾಂಡೋರ್ಸೆ ಲೆಕ್ಕ ಹಾಕಿದ್ದ. ಒಬ್ಬೊಬ್ಬರೂ 100ಕ್ಕೆ 60 ಸಲ ಸರಿ ಹೇಳುವವರು ಅಂದುಕೊಳ್ಳಿ. ಮೂವರ ಬಹುಮತ 100ಕ್ಕೆ ಸುಮಾರು 65 ಸಲ ಸರಿ. 101 ಜನರ ಬಹುಮತ ಸುಮಾರು 98 ಸಲ ಸರಿ. ಓದಿದರೆ ಪ್ರಜಾಪ್ರಭುತ್ವದ ಮೇಲೆ ಪ್ರೀತಿ ಉಕ್ಕುತ್ತದೆ. ಈಗ 60ನ್ನು 40 ಮಾಡಿ. ಅದೇ 101 ಜನ 100ಕ್ಕೆ 98 ಸಲ ತಪ್ಪು! ಸಾಮಾನ್ಯ ಜನ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಜಾರಿದರೂ, ಜನ ಜಾಸ್ತಿಯಾದಷ್ಟೂ ಗುಂಪು ತಪ್ಪಾಗುವುದು ಗ್ಯಾರಂಟಿ.

ಎಂಐಟಿಯ ಪ್ರೆಲೆಕ್ ಮತ್ತು ಜೊತೆಗಾರರು 2017ರಲ್ಲಿ ಇದಕ್ಕೆ ಒಂದು ಚಂದದ ಉಪಾಯ ಕೊಟ್ಟರು. ಪ್ರಶ್ನೆ: ಪೆನ್ಸಿಲ್ವೇನಿಯಾದ ರಾಜಧಾನಿ ಫಿಲಡೆಲ್ಫಿಯಾ, ಹೌದಾ ಅಲ್ಲವಾ? ಜಾಸ್ತಿ ಜನ ಹೌದು ಅಂತಾರೆ, ಯಾಕೆಂದರೆ ಆ ರಾಜ್ಯದಲ್ಲಿ ಅವರು ಕೇಳಿರುವ ಊರು ಅದೊಂದೇ. ನಿಜವಾದ ರಾಜಧಾನಿ ಹ್ಯಾರಿಸ್‌ಬರ್ಗ್. ಬಹುಮತ ಸೋತಿತು. ಅವರು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ: ಉಳಿದವರಲ್ಲಿ ಎಷ್ಟು ಜನ ಹೌದು ಅನ್ನಬಹುದು? ತಪ್ಪು ತಿಳಿದವರು, ಎಲ್ಲರೂ ನನ್ನ ಹಾಗೇ ಹೌದು ಅಂತಾರೆ ಅಂದುಕೊಳ್ಳುತ್ತಾರೆ. ಸರಿ ಉತ್ತರ ಗೊತ್ತಿರುವವರಿಗೆ ಜನ ಎಲ್ಲಿ ಎಡವುತ್ತಾರೆ ಅನ್ನುವುದೂ ಗೊತ್ತು, ಅವರೂ 'ಜಾಸ್ತಿ ಜನ ಹೌದು ಅಂತಾರೆ' ಅಂತಲೇ ಬರೆಯುತ್ತಾರೆ. ಕೊನೆಗೆ 'ಅಲ್ಲ' ಅಂದವರು ಎಲ್ಲರೂ ಎಣಿಸಿದ್ದಕ್ಕಿಂತ ಜಾಸ್ತಿ ಸಿಗುತ್ತಾರೆ. ಎಣಿಸಿದ್ದಕ್ಕಿಂತ ಜಾಸ್ತಿ ಮತ ಬಿದ್ದ ಉತ್ತರವನ್ನೇ ಆರಿಸು ಅನ್ನುತ್ತದೆ ಈ ವಿಧಾನ. ಆ ಚಿಕ್ಕಮ್ಮನನ್ನು ಮಾತಾಡಿಸದೆಯೇ ಗುರುತಿಸಿದ ಹಾಗೆ.

ವೈಟ್‌ಫೀಲ್ಡ್‌ವಾಸಿ · 11:00

ಲೈಕ್‌ಗಳ ಬಗ್ಗೆ ಯಾರೂ ಹೇಳಲಿಲ್ಲ. ಸುದ್ದಿಗಳನ್ನು ಹಂಚಿಕೊಳ್ಳುವ ಒಂದು ತಾಣದಲ್ಲಿ ಕೆಲವು ಕಾಮೆಂಟುಗಳಿಗೆ, ಅವು ಬಂದ ಕೂಡಲೇ, ಚೀಟಿ ಎತ್ತಿದ ಹಾಗೆ ಆರಿಸಿ ಸಂಶೋಧಕರು ಒಂದೇ ಒಂದು ಸುಳ್ಳು ಮೆಚ್ಚುಗೆ ಒತ್ತಿದರು. ಕೊನೆಗೆ ಅವುಗಳ ಅಂಕ ಉಳಿದವಕ್ಕಿಂತ ಸರಾಸರಿ 25% ಜಾಸ್ತಿ ಬಂತು. 2013ರಲ್ಲಿ ಪ್ರಕಟವಾಗಿದ್ದು. ಹೋಟೆಲ್ ರೇಟಿಂಗ್ ನೋಡಿ ಊಟಕ್ಕೆ ಹೋಗುವವರು ಯೋಚಿಸಿ.

ಮೈಸೂರ್‌ಪಾಕು · 11:12

ಮೇಡಂ ಅವರ ಪೋಸ್ಟಿಗೆ ಎಲ್ಲರೂ ಲೈಕ್ ಒತ್ತಿದ್ದಾರೆ ಅಂತ ನಾನೂ ಒತ್ತಿದೆ. ಈಗ ವಾಪಸ್ ತೆಗೆಯಲಾ?

ಒಂಟಿಸಲಗ · ಮಧ್ಯಾಹ್ನ 2:30

ಕೇಳಲು ಯಾರೂ ಇಲ್ಲದ ನನ್ನಂಥವರಿಗೆ ಏನು ದಾರಿ?

ಮನೋಲಹರಿ · 3:10

ಇದೆ. ನಿಮ್ಮನ್ನೇ ಎರಡು ಸಲ ಕೇಳಿಕೊಳ್ಳಿ. ವುಲ್ ಮತ್ತು ಪ್ಯಾಶ್ಲರ್ 2008ರಲ್ಲಿ ಇದನ್ನು ನೋಡಿದರು. ಅದೇ ಮನುಷ್ಯನನ್ನು ಅದೇ ಪ್ರಶ್ನೆ ಇನ್ನೊಮ್ಮೆ ಕೇಳಿ, ಎರಡು ಉತ್ತರದ ಸರಾಸರಿ ತೆಗೆದರೆ ಎರಡಕ್ಕಿಂತಲೂ ಸ್ವಲ್ಪ ಚೆನ್ನಾಗಿರುತ್ತದೆ. ತಕ್ಷಣ ಕೇಳಿದರೆ ಲಾಭ ಕಮ್ಮಿ. ಮೂರು ವಾರ ಬಿಟ್ಟು, ಮೊದಲು ಹೇಳಿದ್ದು ಮರೆತ ಮೇಲೆ ಕೇಳಿದರೆ ಜಾಸ್ತಿ. ಆದರೂ ಇನ್ನೊಬ್ಬರನ್ನು ಕೇಳಿದಾಗ ಸಿಗುವುದರ ಮೂರನೇ ಒಂದು ಭಾಗ ಅಷ್ಟೇ. ಹಾಗಾಗಿ ಒಬ್ಬ ಗೆಳೆಯನನ್ನಾದರೂ ಮಾಡಿಕೊಳ್ಳಿ.

ತೋಟದಮನೆ · ಸಂಜೆ 6:40

ಫಲಿತಾಂಶ ಬಂತು. ನಮ್ಮನೆ ತಕ್ಕಡಿ 10 ಕೆಜಿಗೆ ನಿಂತುಹೋಗುತ್ತದೆ. ಅದಕ್ಕೆ ಮನುಷ್ಯರ ತೂಕ ನೋಡುವ ಯಂತ್ರದ ಮೇಲೆ ನಾನೇ ನಿಂತೆ. ನಾನು 68. ಹಣ್ಣನ್ನು ತಬ್ಬಿ ನಿಂತಾಗ 90.5. ಮುಳ್ಳು ಚುಚ್ಚಿ ಅಂಗಿಗೆಲ್ಲ ಸೊನೆ ಆಯಿತು, ಅಮ್ಮನಿಂದ ಬೈಸಿಕೊಂಡೆ. ಹಣ್ಣು 22.5 ಕೆಜಿ.

ಇಲ್ಲಿ ಎಲ್ಲರೆದುರು ಬರೆದ ಆರು ಜನರ ಸರಾಸರಿ 15.5.

ಖಾಸಗಿಯಾಗಿ 12 ಜನ ಕಳಿಸಿದರು: 9, 11, 12, 14, 15, 16, 18, 20, 21, 24, 26, 30. ಸರಾಸರಿ 18, ಮಧ್ಯಾಂಕ 17.

ಚೀಟಿಯವರು ಹತ್ತಿರ ಬಂದರು, ಆದರೆ ಸರಿ ಬರಲಿಲ್ಲ. ಹನ್ನೆರಡರಲ್ಲಿ ನಾಲ್ಕು ಜನ ಸರಾಸರಿಗಿಂತ ಹತ್ತಿರ ಇದ್ದಾರೆ. ಗಾಲ್ಟನ್ ನನಗೆ ಕೈಕೊಟ್ಟ. ಇಳಿಸುವಾಗಲೇ ಅಮ್ಮ 'ಇಪ್ಪತ್ತೆರಡಕ್ಕೆ ಕಮ್ಮಿ ಇಲ್ಲ ಇದು' ಅಂದಿದ್ದರು. ಈಗ ಊರೆಲ್ಲ ಹೇಳಿಕೊಂಡು ಬರುತ್ತಿದ್ದಾರೆ.

ಅಂಕಿಸಂಕಿ · 6:55

ಚೆದುರುವಿಕೆ ಬೇಕಾದಷ್ಟು ಇದೆ, 9ರಿಂದ 30. ಆದರೂ 12ರಲ್ಲಿ 9 ಜನ ಕೆಳಗೇ ಇದ್ದಾರೆ. ತಪ್ಪು ತಪ್ಪನ್ನು ತಿನ್ನಬೇಕಾದರೆ ಮೇಲೂ ಕೆಳಗೂ ಇರಬೇಕಲ್ಲ. ಇಲ್ಲಿ ಎಲ್ಲರನ್ನೂ ಒಂದೇ ಕಡೆಗೆ ಎಳೆದದ್ದು ಏನೋ ಇದೆ. ಆ ನಾಣ್ಯದ ಜಾಡಿಯಲ್ಲೂ ಹಾಗೇ ಆಗಿತ್ತು, ನೆನಪಿದೆಯಾ, 8 ಡಾಲರಿಗೆ 5.13.

ಅಡಿಕೆಹಾಳೆ · 7:08

ಕತ್ತಿ! ಫೋಟೋದಲ್ಲಿರುವ ಕತ್ತಿ ನೋಡಿ. ಪೇಟೆಯವರೆಲ್ಲ ಅದನ್ನು ಅಡುಗೆಮನೆಯ ಕತ್ತಿ ಅಂದುಕೊಂಡು ಹಣ್ಣಿನ ಅಳತೆ ಹಿಡಿದಿದ್ದಾರೆ. ಅದು ಮರ ಸವರುವ ದೊಡ್ಡ ಕತ್ತಿ, ಹಿಡಿಗೆ ಕಬ್ಬಿಣದ ಬಳೆ ಇದೆ. ನಾನು ಅದನ್ನು ನೋಡಿಯೇ 24 ಕಳಿಸಿದ್ದು.

ತೋಟದಮನೆ · 7:15

ಹೌದು ಮಾರಾಯ್ರೇ! ಅದು ಮೊಳಕ್ಕಿಂತ ಉದ್ದ ಇದೆ. ನನಗೆ ಹೊಳೆಯಲೇ ಇಲ್ಲ.

ಕಡಲತಡಿ · 7:22

ನೋಡಿದಿರಾ? ಒಂದು ಮಾತು ಆಡಿದ್ದರೆ ಆಗುತ್ತಿತ್ತು. 'ಅದು ಯಾವ ಕತ್ತಿ' ಅಂತ ಒಬ್ಬರು ಕೇಳಿದ್ದರೆ ಸಾಕಿತ್ತು.

ಮನೋಲಹರಿ · 7:30

ಸೋತೆ. ಅಡಿಕೆಹಾಳೆಯವರೇ ಈ ಕಥೆಯ ಚಿಕ್ಕಮ್ಮ. ಬಾಯಿಗೆ ಬೀಗ ಹಾಕಿಸಿದವಳು ನಾನು.

ಅಡಿಕೆಹಾಳೆ · 7:34

ಮೇಡಂ, ಬೀಗ ಹಾಕದಿದ್ದರೂ ನಾನು ಹೇಳುತ್ತಿರಲಿಲ್ಲ. ಚೇಣಿದಾರರ ಮನೆಯ ಮಗ.

ಸೋಮಾರಿಸಿದ್ದ · 7:50

ಎಲ್ಲ ಸರಿ, ತೊಳೆ ಎಷ್ಟು ಸಿಕ್ಕಿತು?

ತೋಟದಮನೆ · 8:05

ಇನ್ನೂ ಕೊಯ್ದಿಲ್ಲ. ಕೈಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೇವೆ. ಎಣಿಸಿ ಹೇಳುತ್ತೇನೆ. ಊಹೆ ಖಾಸಗಿಯಾಗಿ ಕಳಿಸಿ. ಹಾಂ, ಇದು ಗಟ್ಟಿ ತೊಳೆಯ ಬಕ್ಕೆ ಹಲಸು, ಮೆತ್ತಗಿನ ಅಂಬಲಿ ಅಲ್ಲ. ಈ ಸಲ ಮೊದಲೇ ಹೇಳಿದ್ದೇನೆ.